ಅಕ್ಕನ ಬಾಣಂತನ

ಅಜ್ಜಿ ಹೇಳುತ್ತಿದ್ದ ಅಷ್ಟೂ ಕಥೆಗಳಲ್ಲಿ ಒಂದರ ಕೊನೆ ಮಾತ್ರ ಇಂಚರಳಿಗೆ ಗೊತ್ತಿರಲಿಲ್ಲ. ಒಬ್ಬಳು ರಾಣಿ, ತುಂಬು ಬಸುರಿ. ನೋವು ಅಂದರೆ ಅವಳಿಗೆ ಆಗದು. ಹೂವಿನ ತೊಟ್ಟು ಚುಚ್ಚಿದರೂ ಮೂರು ದಿನ ಹಾಸಿಗೆ ಹಿಡಿಯುವವಳು. ಹೆರಿಗೆಯ ಹೊತ್ತು ಬಂದಾಗ ಅವಳು ತನ್ನ ನೋವನ್ನೆಲ್ಲ ಒಟ್ಟುಮಾಡಿ ದಾಸಿಯ ಸೆರಗಿನ ತುದಿಗೆ ಗಂಟು ಹಾಕಿ ಕಟ್ಟಿಬಿಟ್ಟಳಂತೆ. ದಾಸಿ ಆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮೂಲೆಯಲ್ಲಿ ಹಲ್ಲು ಕಚ್ಚಿ ಕೂತಳಂತೆ. ರಾಣಿ ಎಲೆಯಡಿಕೆ ಮೆಲ್ಲುತ್ತ ಹೆತ್ತಳಂತೆ. "ಆಮೇಲೆ?" ಅನ್ನುವಷ್ಟರಲ್ಲಿ ಇಂಚರಳಿಗೆ ನಿದ್ದೆ ಬಂದುಬಿಡುತ್ತಿತ್ತು. ಪಕ್ಕದಲ್ಲಿ ಮಲಗುತ್ತಿದ್ದ ಅಕ್ಕ ಮೇದಿನಿ, ಇವಳಿಗಿಂತ ಎಂಟು ವರ್ಷ ದೊಡ್ಡವಳು, ಕಣ್ಣರಳಿಸಿಕೊಂಡು ಕೊನೆಯವರೆಗೂ ಕೇಳುತ್ತಿದ್ದಳು. ಬೆಳಿಗ್ಗೆ ಗೋಗರೆದರೆ, "ನಿದ್ದೆ ಮಾಡಿದೋರಿಗೆ ಕಥೆ ಇಲ್ಲ," ಅಂತ ಮೂತಿ ತಿರುವಿ ಜಡೆ ಹಾಕಿಕೊಳ್ಳಲು ಹೋಗುತ್ತಿದ್ದಳು.

ಹೊಟ್ಟೆಕಿಚ್ಚು ಅಂದರೆ ಏನೆಂದು ಇಂಚರ ಮೊದಲು ಕಲಿತದ್ದು ಆ ಬೆಳಿಗ್ಗೆಗಳಲ್ಲಿ.

ಈಗ ಅವಳೇ ತುಂಬು ಬಸುರಿ. ಕಥೆಯ ಆ ಗಂಟನ್ನು ಚನ್ನಪಟ್ಟಣದ ಮಡಿಲು ಹೆರಿಗೆ ಆಸ್ಪತ್ರೆಯಲ್ಲಿ ನಿಜವಾಗಿಯೇ ಹಾಕುತ್ತಿದ್ದರು. ಅದಕ್ಕೆ ಜೋಡಿಪಟ್ಟಿ ಎಂದು ಹೆಸರು. ಅಂಗೈ ಅಗಲದ ಎರಡು ಮೆತ್ತನೆಯ ಪಟ್ಟಿಗಳು. ಒಂದು ಸಿಸೇರಿಯನ್ ಆದವಳ ಸೊಂಟಕ್ಕೆ, ಇನ್ನೊಂದು ಅವಳ ನೋವಿನಲ್ಲಿ ಪಾಲು ತೆಗೆದುಕೊಳ್ಳುವವಳ ಸೊಂಟಕ್ಕೆ. ಎರಡನೆಯವಳನ್ನು ಪಾಲುಗಾತಿ ಅನ್ನುತ್ತಿದ್ದರು.

"ನೋವನ್ನ ತಡೆಯೋದು ಕಷ್ಟ ಅಲ್ಲ, ತಡೆದು ಇಟ್ಕೊಳ್ಳೋದು ಕಷ್ಟ," ಎಂದಿದ್ದರು ಡಾಕ್ಟರ್ ನುಸ್ರತ್, ಆಪರೇಷನ್ನಿನ ಹಿಂದಿನ ದಿನ. ಐವತ್ತು ದಾಟಿದ ಹೆಂಗಸು. ಕನ್ನಡಕ ಸದಾ ತಲೆಯ ಮೇಲೆ, ಹುಡುಕಾಟ ಸದಾ ಮೇಜಿನ ಮೇಲೆ. "ಪಟ್ಟಿ ಒಂದೇ ಇದ್ರೆ ಹೊಟ್ಟೆಯಿಂದ ಹೊರಟ ನೋವನ್ನ ಬೆನ್ನುಹುರಿಯಲ್ಲೇ ಆರು ಗಂಟೆ ನಿಲ್ಲಿಸುತ್ತೆ. ಆಮೇಲೆ ಕಾಲುವೆಗೆ ಮಣ್ಣು ಹಾಕಿದ್ರೆ ನೀರು ಪಕ್ಕದಲ್ಲಿ ದಾರಿ ಮಾಡ್ಕೊಳ್ಳೋ ಹಾಗೆ ನೋವೂ ಬೇರೆ ದಾರಿ ಹುಡುಕುತ್ತೆ. ಆಗ ಅಫೀಮಿನ ಜಾತಿಯ ಔಷಧಿ ಚುಚ್ಚಲೇಬೇಕಾಗ್ತಿತ್ತು. ತಾಯಿಗೆ ಮಂಪರು. ಹಾಲಿನಲ್ಲಿ ಮಗುವಿಗೂ ಒಂದು ಪಾಲು ಮಂಪರು. ಕೆಲವರು ಮನೆಗೆ ಹೋದ ಮೇಲೂ ಮಾತ್ರೆ ಬಿಡೋಕೆ ಆಗದೆ ಒದ್ದಾಡಿದ್ರು."

"ಈಗ?" ಎಂದಳು ಇಂಚರ.

"ಹಿಂದೆ ಇದೇ ಗಾಯ ಆಗಿ, ಅದನ್ನ ವಾಸಿ ಮಾಡ್ಕೊಂಡಿರೋ ಮೈಗೆ ಆ ನೋವನ್ನ ಸುಮ್ಮನಾಗಿಸೋ ವಿದ್ಯೆ ಗೊತ್ತಿರುತ್ತೆ. ನಿಮ್ಮ ನೋವಿನ ಕಾಲು ಭಾಗ ಅವರಿಗೆ ಕಳಿಸ್ತೀವಿ. ಅವರ ಮಿದುಳು 'ಸಾಕು, ಸುಮ್ಮನಿರು' ಅಂತ ಒಂದು ಉತ್ತರ ಕೊಡುತ್ತೆ. ಆ ಉತ್ತರಾನ ನಕಲು ಮಾಡಿ ನಿಮ್ಮ ಪಟ್ಟಿಗೆ ಕೊಟ್ರೆ ಬಾಗಿಲು ಮುಚ್ಚಿದ್ದು ಮುಚ್ಚಿದ ಹಾಗೇ ಇರುತ್ತೆ. ಆದ್ರೆ ಅವರು ನಿಜವಾಗ್ಲೂ ನೋಯಬೇಕು. ಸುಳ್ಳು ನೋವಿಗೆ ಮಿದುಳು ಮೋಸ ಹೋಗಲ್ಲ." ಡಾಕ್ಟರು ಮೇದಿನಿಯ ಕಡೆ ತಿರುಗಿದರು. "ನೀವು ಯಾಕೆ ಒಪ್ಕೊಂಡ್ರಿ?"

ಮೇದಿನಿ ಸೆರಗಿನ ತುದಿ ಸುತ್ತುತ್ತ ಹೇಳಿದಳು: "ಎಂಟು ವರ್ಷದ ಹಿಂದೆ ಸಿಸೇರಿಯನ್ ಆದಾಗ ನಂಗೆ ಇಂಜೆಕ್ಷನ್ ಮೇಲೆ ಇಂಜೆಕ್ಷನ್ ಕೊಟ್ರು ಡಾಕ್ಟ್ರೇ. ನನ್ನ ಮಗು ಇದ್ದಿದ್ದು ಮೂರು ದಿನ. ಆ ಮೂರೂ ದಿನ ನಾನೇ ಇರ್ಲಿಲ್ಲ. ಇವ್ಳಿಗೆ ಹಂಗಾಗ್ಬಾರ್ದು."

ಇಂಚರ ಅದನ್ನು ಕೇಳಿಸಿಕೊಂಡಳು. ಆದರೆ ಆಗ ಅವಳ ಮನಸ್ಸೆಲ್ಲ ನಾಳೆಯ ಕತ್ತರಿಯ ಮೇಲಿತ್ತು.

*

ಮಗಳು ಹುಟ್ಟಿದಳು. ಒಂದೇ ಒಂದು ಮಂಪರಿನ ಇಂಜೆಕ್ಷನ್ ಇಲ್ಲದೆ, ಮೂರನೆಯ ದಿನ ಇಂಚರ ತನ್ನ ಕಾಲ ಮೇಲೆ ನಡೆದು ಆಟೋ ಹತ್ತಿದಳು. ರೈಲು ಓಡಿಸುವ ಗಂಡ ಸುಹಾಸ ರಜೆ ಮುಗಿಸಿ ಕೆಲಸಕ್ಕೆ ಹೊರಟ. ಬೊಂಬೆ ಮಾಡುವವರ ಬೀದಿಯ ತವರುಮನೆಯಲ್ಲಿ ಉಳಿದವರು ನಾಲ್ಕು ಜನ: ಇಂಚರ, ಕೂಸು, ಪಾಲುಗಾತಿ ಅಕ್ಕ, ಮತ್ತು ಅಮ್ಮ ನಂಜಮಣಿ.

ನಂಜಮಣಿ ಲೇತಿನ ಮುಂದೆ ನಲವತ್ತು ವರ್ಷ ಕೂತ ಹೆಂಗಸು. ತಿರುಗುವ ಆಲೆಮರದ ತುಂಡಿಗೆ ಅರಗಿನ ಬಣ್ಣ ಹಿಡಿದು, ತಾಳೆಗರಿ ಒತ್ತಿ ಹೊಳಪು ಬರಿಸುವುದರಲ್ಲಿ ಬೀದಿಗೇ ಅವಳದು ಎತ್ತಿದ ಕೈ. ಎಷ್ಟು ಒತ್ತಿದರೆ ಬಿರಿಯುತ್ತದೆ, ಎಷ್ಟಕ್ಕೆ ಹೊಳೆಯುತ್ತದೆ ಅನ್ನುವುದು ಅವಳ ಕೈಗೆ ಗೊತ್ತು. ಜೋಡಿಪಟ್ಟಿಯನ್ನೂ ಅವಳು ತನ್ನದೇ ಲೆಕ್ಕದಲ್ಲಿ ಅರ್ಥಮಾಡಿಕೊಂಡಳು. ಆ ಲೆಕ್ಕದ ಪ್ರಕಾರ, ನಾಲ್ಕನೆಯ ದಿನ ಬೆಳಿಗ್ಗೆ ಹಂಡೆಯ ತುಂಬ ನೀರು ಕಾಯಿಸಿ, ಹರಳೆಣ್ಣೆ ಬಿಸಿ ಮಾಡಿ, ಬಚ್ಚಲಿಗೆ ಕರೆದದ್ದು ಹಿರಿಯ ಮಗಳನ್ನು.

"ಅಮ್ಮಾ, ಹೆತ್ತೋಳು ನಾನು ಕಣಮ್ಮ!" ಇಂಚರ ಬಾಗಿಲಲ್ಲಿ ನಿಂತು ನಕ್ಕಳು. ಆಗಿನ್ನೂ ನಗು ಬರುತ್ತಿತ್ತು.

"ನಿಂದು ಹಸಿ ಗಾಯ. ಬಿಸ್ನೀರು ಸುರೀಬ್ಯಾಡಿ ಅಂತ ಡಾಕ್ಟ್ರಮ್ಮ ನಿನ್ ಎದ್ರಿಗೇ ಹೇಳ್ಲಿಲ್ವಾ? ಒದ್ದೆ ಬಟ್ಟೇಲಿ ಒರೆಸ್ಕೋ. ನೋವು ತಿಂತಾ ಇರೋಳು ಇವ್ಳು. ನೀರೂ ಇವ್ಳಿಗೇ ಬೀಳ್ಬೇಕು."

"ನಂಗ್ಯಾಕಮ್ಮ ಇದೆಲ್ಲ," ಎಂದಳು ಮೇದಿನಿ.

"ಬಾಯ್ ಮುಚ್ಕೊಂಡು ಮಣೆ ಮೇಲೆ ಕೂತ್ಕೊ."

ಚೊಂಬಿನ ಮೇಲೆ ಚೊಂಬು ನೀರು ಬೆನ್ನಿಗೆ ಬೀಳುವ ಸದ್ದು ನಡುಮನೆಯವರೆಗೆ ಬಂತು. ಆಮೇಲೆ ಸಾಂಬ್ರಾಣಿಯ ಹೊಗೆ. ಕಿವಿಗೆ ಹತ್ತಿ, ತಲೆಗೆ ಬಟ್ಟೆ. ಅಜ್ಜಿಯ ಹಳೆಯ ಮೆತ್ತನೆ ಸೀರೆಯನ್ನು ಉದ್ದಕ್ಕೆ ಮಡಿಸಿ, ಪಟ್ಟಿಯ ಮೇಲೆ ಸೊಂಟಕ್ಕೆ ಬಿಗಿಯಾಗಿ ಸುತ್ತಿದಳು ಅಮ್ಮ. ಬೆಳ್ಳುಳ್ಳಿ ಮೆಣಸಿನ ಸಾರು, ಮೇಲೆ ತುಪ್ಪ. ಕಂಬಳಿ ಹೊದಿಸಿ ಬೆವರಲು ಮಲಗಿಸಿದಳು. ಇಂಚರ ಒಬ್ಬಳೇ ಮೂಲೆಯಲ್ಲಿ ಕೂತು ಒದ್ದೆ ಬಟ್ಟೆಯಿಂದ ತನ್ನ ಕುತ್ತಿಗೆ ಒರೆಸಿಕೊಂಡಳು. ಮನಸ್ಸಿನಲ್ಲೇ ಎಣಿಸಿದಳು: ಒಂದು ನೀರು.

ಐದನೆಯ ದಿನ: ಎರಡು ನೀರು. ಅವತ್ತು ಎದುರುಮನೆಯ ಕೆಂಪರಾಜಮ್ಮ ಕೊಬ್ಬರಿ ಬೆಲ್ಲ ಹಿಡಿದು ಬಾಣಂತಿಯನ್ನು ನೋಡಲು ಬಂದಳು. ಬಂದವಳು ನೇರ ಕಂಬಳಿಯ ಹತ್ತಿರ ಹೋಗಿ ಕೂತಳು. ಇಂಚರ, ನೋವೇ ಇಲ್ಲದ ಹುರುಪಿನಲ್ಲಿ, ಅವಳಿಗೆ ನೀರು ತಂದುಕೊಟ್ಟಳು.

ಕೆಂಪರಾಜಮ್ಮ ಒಮ್ಮೆ ಇವಳನ್ನು, ಒಮ್ಮೆ ಕಂಬಳಿಯನ್ನು ನೋಡಿದಳು. "ಏನ್ ಕಾಲ ಬಂತವ್ವ! ಹೆತ್ತೋಳು ನೀರು ಕೊಡ್ತಾವ್ಳೆ, ಹೆರದೇ ಇರೋಳು ಕಾಲು ಚಾಚ್ಕೊಂಡು ಮಲಗವ್ಳೆ!"

ಅಡುಗೆಮನೆಯಿಂದ ಸೌಟು ಹಿಡಿದುಕೊಂಡೇ ನಂಜಮಣಿ ಈಚೆ ಬಂದಳು. "ಅವ್ಳೂ ಹೆತ್ತವ್ಳೆ ಕಣೇ ಕೆಂಪಿ. ಹೆರದೋಳು ಅಂತ ನನ್ ಮನೇಲಿ ಕೂತು ಅನ್ಬ್ಯಾಡ."

ಕಂಬಳಿಯ ಒಳಗೆ ಮೇದಿನಿ ಮಗ್ಗುಲು ಬದಲಾಯಿಸಿದಳು. ಇಂಚರಳಿಗೆ ಅಕ್ಕನ ಮೇಲೆ ಅಯ್ಯೋ ಅನ್ನಿಸಬೇಕಿತ್ತು. ಅನ್ನಿಸಿತು ಕೂಡ, ಆದರೆ ಅದರ ಹಿಂದೆಯೇ, ನನ್ನ ಪರವಾಗಿ ಅಮ್ಮ ಒಂದು ದಿನವೂ ಹೀಗೆ ಸೌಟು ಹಿಡಿದು ಬಂದಿಲ್ಲವಲ್ಲ ಎಂದೂ ಅನ್ನಿಸಿತು.

ನೀರು, ಸಾರು, ಸೀರೆ ಎಲ್ಲವನ್ನೂ ಸಹಿಸಿಕೊಳ್ಳಬಹುದಿತ್ತೇನೋ. ಸಹಿಸಲಾಗದ್ದು ಬೇರೊಂದಿತ್ತು. ಕೂಸು ಎದೆಗೆ ಬಾಯಿ ಹಾಕಿದ ಕ್ಷಣ, ಕೋಣೆಯ ಆ ತುದಿಯಲ್ಲಿ ಬೊಂಬೆಗೆ ಕಣ್ಣು ಬರೆಯುತ್ತ ಕೂತ ಮೇದಿನಿಯ ಕುಂಚ ನಿಲ್ಲುತ್ತಿತ್ತು. ಹುಬ್ಬು ಗಂಟಾಗುತ್ತಿತ್ತು, ಕೈ ಹೊಟ್ಟೆಯ ಮೇಲೆ ಹೋಗುತ್ತಿತ್ತು. ಆ ನೋವಿನ ನಡುವೆಯೇ ತುಟಿಯ ಕೊನೆಯಲ್ಲಿ ಒಂದು ನಗು.

"ಈಗ ಸರಿಯಾಗಿ ಹಿಡ್ಕೊಂಡ್ಲು ನೋಡು," ಅನ್ನುತ್ತಿದ್ದಳು, ಈ ಕಡೆ ತಿರುಗದೆ.

"ನಿಂಗೆ ಹೆಂಗೆ ಗೊತ್ತು?"

"ಗೊತ್ತಾಗುತ್ತೆ."

ನನ್ನ ಮೊಲೆ, ನನ್ನ ಹಾಲು, ನನ್ನ ಮಗಳು. ಗೊತ್ತಾಗುವುದು ಮಾತ್ರ ಅವಳಿಗೆ! ಇಂಚರ ಕೂಸಿನ ತಲೆಯ ಮೇಲೆ ಸೆರಗು ಎಳೆದು ಗೋಡೆಯ ಕಡೆ ತಿರುಗಿ ಕೂತಳು. ಪಟ್ಟಿಗೆ ಗೋಡೆಯೂ ಇಲ್ಲ, ಸೆರಗೂ ಇಲ್ಲ ಎನ್ನುವುದು ಅವಳಿಗೆ ಗೊತ್ತಿತ್ತು.

*

ಏಳನೆಯ ದಿನ, ನಾಲ್ಕನೆಯ ನೀರು.

ಸ್ನಾನಕ್ಕೆ ಹೋಗುವಾಗ ಪಾಲುಗಾತಿ ತನ್ನ ಪಟ್ಟಿ ಬಿಚ್ಚಿಡಬಹುದಿತ್ತು. ಕೊನೆಯದಾಗಿ ಬಂದ ಉತ್ತರವನ್ನು ಬಾಣಂತಿಯ ಪಟ್ಟಿ ಅರ್ಧ ಗಂಟೆ ನೆನಪಿಟ್ಟುಕೊಳ್ಳುತ್ತದೆ, ಅದಕ್ಕಿಂತ ತಡಮಾಡಬೇಡಿ ಎಂದು ಡಾಕ್ಟರು ಹೇಳಿದ್ದರು. ನಂಜಮಣಿಯ ಬಾಣಂತನ ಅರ್ಧ ಗಂಟೆಗೆ ಮುಗಿಯುವಂಥದ್ದಲ್ಲ. ಆವತ್ತು ಎಣ್ಣೆ ಹೆಚ್ಚಾಯಿತು, ಜಿಡ್ಡು ಹೋಗಲು ಸೀಗೆಪುಡಿ ಹೆಚ್ಚಾಯಿತು, ಅದು ತೊಳೆಯಲು ಇನ್ನೊಂದು ಹಂಡೆ ನೀರಾಯಿತು. ಮೇಲೆ ಕಂಬಳಿ. ಬೆವರು ಆರುವವರೆಗೆ ಪಟ್ಟಿ ಕಟ್ಟಬೇಡ ಎಂದು ಅಪ್ಪಣೆ.

ಅದೇ ಹೊತ್ತಿಗೆ ಕೂಸು ಎದ್ದು ಅತ್ತಿತು. ಇಂಚರ ಎದೆಗೆ ಹಾಕಿಕೊಂಡಳು.

ಮೊದಲ ಗುಟುಕಿಗೇ ಹೊಟ್ಟೆಯ ಆಳದಲ್ಲಿ ಏನೋ ಮುಷ್ಟಿ ಕಟ್ಟಿತು. ಅವಳು "ಅಮ್ಮಾ!" ಎಂದು ಕೂಗಬೇಕೆಂದು ಬಾಯಿ ತೆರೆದಳು, ಕೂಗಲಿಲ್ಲ. ಕೂಸು ಚೀಪಿತು, ಮುಷ್ಟಿ ಬಿಗಿಯಿತು. ಕೂಸು ಉಸಿರಿಗೆ ನಿಂತಿತು, ಮುಷ್ಟಿ ಸಡಿಲಿತು. ಮತ್ತೆ ಚೀಪಿತು, ಮತ್ತೆ ಬಿಗಿಯಿತು. ಕಣ್ಣಲ್ಲಿ ನೀರು ಬರುವಷ್ಟು ನೋವು. ಆದರೆ ಅದು ಸುಮ್ಮನೆ ನೋವಲ್ಲ. ಆಚೆ ಬಂದ ಮಗಳು ತಾನಿದ್ದ ಮನೆಯ ಬಾಗಿಲನ್ನು ತಟ್ಟಿ ಮಾತಾಡಿಸುತ್ತಿದ್ದಾಳೆ, ಒಳಗಿನ ಮನೆ ಓಗೊಡುತ್ತಿದೆ. ಏಳು ದಿನದಿಂದ ಇವಳು ಎದೆಗೆ ಹಾಕಿಕೊಂಡಿದ್ದು ಒಂದು ಬೆಚ್ಚನೆಯ ಭಾರವನ್ನು. ಈಗ ಮೊದಲ ಸಲ ಮಗಳನ್ನು.

ಅಷ್ಟರಲ್ಲಿ ಒಳಕೋಣೆಯಲ್ಲಿ ಮೇದಿನಿ ಪಟ್ಟಿ ಕಟ್ಟಿಕೊಂಡಳು. ಮುಷ್ಟಿ ಕರಗಿಹೋಯಿತು. ಕೂಸು ಕುಡಿಯುತ್ತಲೇ ಇತ್ತು. ಹೊಟ್ಟೆಯೊಳಗೆ ಏನೂ ಇಲ್ಲ. ಗೋಡೆಯಾಚೆಯಿಂದ ಅಕ್ಕನ ಉಸಿರು ಸಣ್ಣಗೆ "ಸ್ಸ್..." ಎಂದದ್ದು ಕೇಳಿಸಿತು.

ಇದಾ! ಇದನ್ನಾ ಇವಳು ದಿನಕ್ಕೆ ಹತ್ತು ಸಲ ತಿನ್ನುತ್ತಿರುವುದು!

*

ಹೊಲಿಗೆ ನೋಡಿಸಲು ಅಂದೇ ಮಧ್ಯಾಹ್ನ ಆಸ್ಪತ್ರೆಗೆ ಹೋಗಬೇಕಿತ್ತು. ಅಮ್ಮ ಕೂಸನ್ನು ಹಿಡಿದುಕೊಂಡು ಹೊರಗೆ ಬೆಂಚಿನ ಮೇಲೆ ಕೂತಳು. ಇಂಚರ ನೇರವಾಗಿ ನಿಗಾ ಕೋಣೆಗೆ ನುಗ್ಗಿದಳು. ಮನೆಗೆ ಹೋದ ಬಾಣಂತಿಯರ ಪಟ್ಟಿಗಳೆಲ್ಲ ಕಳಿಸುವ ಸುದ್ದಿ ಅಲ್ಲಿನ ಗೋಡೆಯ ಪರದೆಗಳಲ್ಲಿ ಗೆರೆಗಳಾಗಿ ಹರಿಯುತ್ತಿತ್ತು.

"ಡಾಕ್ಟ್ರೇ, ನಮ್ಮಕ್ಕ ಕದೀತಿದ್ದಾಳೆ."

ಡಾಕ್ಟರ್ ನುಸ್ರತ್ ಕನ್ನಡಕ ಹುಡುಕುವುದನ್ನು ನಿಲ್ಲಿಸಿದರು. "ಏನನ್ನ?"

"ನನ್ನ ನೋವನ್ನ. ಪಾಪು ಹಾಲು ಕುಡಿಯುವಾಗ ಬರೋದನ್ನ."

ಡಾಕ್ಟರು ಅವಳನ್ನು ಕೂರಿಸಿ ಇಬ್ಬರ ಗೆರೆಗಳನ್ನು ಪರದೆಗೆ ತಂದರು. ಕೆಂಪು ಇಂಚರಳದು, ಹಸಿರು ಮೇದಿನಿಯದು. ಕೆಂಪು, ಒತ್ತಿ ಸಾರಿಸಿದ ನೆಲದಂತೆ ಸಪಾಟು. ಹಸಿರಿನಲ್ಲಿ ದಿನಕ್ಕೆ ಹತ್ತು ಹನ್ನೆರಡು ಗುಡ್ಡ.

"ಪಾಪು ಚೀಪಿದಾಗ ಗರ್ಭಕೋಶ ಹಿಡ್ಕೊಳ್ಳುತ್ತೆ, ತನ್ನ ಹಳೇ ಗಾತ್ರಕ್ಕೆ ಮರಳೋದಕ್ಕೆ. ಇದಕ್ಕೆ ನಾವು ಸೆಳೆತ ಅಂತೀವಿ. ಪಟ್ಟಿಯಲ್ಲಿ ಮೂರು ಗುಂಡಿ ಇದೆ: ಗಾಯದ ನೋವು, ಓಡಾಟದ ನೋವು, ಸೆಳೆತ. ಸೆಳೆತಾನ ನಾವಾಗಿ ಯಾರಿಗೂ ಕಳಿಸಲ್ಲ, ತಾಯಿಗೇ ಬಿಡ್ತೀವಿ. ಕಳಿಸಬೇಕಾದ್ರೆ ತಾಯಿ ಬಾಯಿಬಿಟ್ಟು ಹೇಳಬೇಕು. ಪಟ್ಟಿ ಅದನ್ನ ಧ್ವನಿಯಲ್ಲೇ ಬರೆದಿಟ್ಕೊಳ್ಳುತ್ತೆ."

"ನಾನು ಹೇಳೇ ಇಲ್ಲ!"

ಡಾಕ್ಟರು ಎರಡನೆಯ ದಿನದ ಒಂದು ಚುಕ್ಕಿಯನ್ನು ಮುಟ್ಟಿದರು. ಕೂಸಿನ ಅಳು ಕೇಳಿಸಿತು. ಅದರ ಮೇಲೆ ಅಕ್ಕನ ದನಿ: "ಸೆಳೆತ ಒಂದು ಇರ್ಲಿ ಇಂಚು. ಅದು ನಿಂದು ಕಣೆ."

ಆಮೇಲೆ ತನ್ನದೇ ದನಿ. ಇಷ್ಟು ಕೀರಲಾಗಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ: "ಎಲ್ಲಾ ತಗೊಳ್ಳೆ ಅಕ್ಕಾ! ನಂಗೊಂದೂ ಬೇಡ!"

"ಇನ್ನೊಂದ್ಸಲ ಯೋಚ್ನೆ ಮಾಡು. ಸ್ವಲ್ಪ ತಡ್ಕೊ."

"ತಗೊ ಅಂದ್ನಲ್ಲ! ನಿಂಗೇನು, ಕಾಲು ಭಾಗ ತಾನೆ!"

ಒಂದು ಟಿಕ್ ಸದ್ದು, ಗುಂಡಿ ತಿರುಗಿದ್ದು. ಅಲ್ಲಿಗೆ ಮುಗಿದಿತ್ತು.

ಇಂಚರ ಪರದೆಯನ್ನೇ ನೋಡುತ್ತ ಕೂತಳು. ಕಳ್ಳಿ ಎಂದು ದೂರು ಕೊಡಲು ಬಂದವಳ ಕೈಯಲ್ಲಿ ಈಗ ದೂರೂ ಇಲ್ಲ. ಹೊಟ್ಟೆಕಿಚ್ಚು ಮಾತ್ರ, ನಾಚಿಕೆ ಸೇರಿಕೊಂಡು, ಮೊದಲಿಗಿಂತ ಜೋರಾಗಿ ಉರಿಯಿತು. ಹಸಿರು ಗುಡ್ಡಗಳನ್ನು ಅವಳು ಒಂದೊಂದಾಗಿ ನೋಡಿದಳು. ಮಗಳು ಅವಳನ್ನು ಕರೆದದ್ದೆಲ್ಲ ಅಲ್ಲಿ ಬರೆದಿತ್ತು, ಇನ್ನೊಬ್ಬಳ ಬಣ್ಣದಲ್ಲಿ.

"ಇಷ್ಟು ಚೆನ್ನಾಗಿ ಉತ್ತರ ಕೊಡೋ ಪಾಲುಗಾತೀನ ನಾನು ನೋಡಿಲ್ಲ," ಎಂದರು ಡಾಕ್ಟರು ಮೆಲ್ಲಗೆ. "ಪ್ರತಿ ಗುಡ್ಡ ಆದ ಮೇಲೂ ಅವರ ಗೆರೆ ಎಷ್ಟು ಕೆಳಗೆ ಇಳಿಯುತ್ತೆ ನೋಡಿ. ನೋವು ಬರೋ ಮುಂಚೆ ಇದ್ದಿದ್ದಕ್ಕಿಂತ ಹೆಚ್ಚು ಸಮಾಧಾನ."

"ನಂಗೆ ವಾಪಸ್ ಬೇಕು."

"ಸೆಳೆತ ಒಂದೇನಾ?"

"ಎಲ್ಲಾ."

"ಗಾಯದ ನೋವು ಈಗ ಅರ್ಧಕ್ಕಿಂತ ಇಳಿದಿದೆ. ಮಾಮೂಲಿ ಮಾತ್ರೆ ಸಾಕಾಗುತ್ತೆ, ಮಂಪರಿನದು ಬೇಕಿಲ್ಲ. ಆದ್ರೆ ನೋಯುತ್ತೆ."

"ನೋಯ್ಲಿ."

"ಇನ್ನೊಂದು ಮಾತು. ಸೆಳೆತ ಇರೋದೇ ಇನ್ನು ಎರಡು ದಿನ, ಹೆಚ್ಚಂದ್ರೆ ಮೂರು. ಆಮೇಲೆ ತಾನಾಗೇ ನಿಂತುಹೋಗುತ್ತೆ. ಅದಕ್ಕೋಸ್ಕರ ಇಷ್ಟೆಲ್ಲ ಯಾಕೆ?"

"ಅದಕ್ಕೇ ಡಾಕ್ಟ್ರೇ! ಆಮೇಲೆ ಕೇಳಿದ್ರೆ ಎಲ್ಲಿಂದ ತರ್ಲಿ?"

ಡಾಕ್ಟರು ತಲೆಯ ಮೇಲಿನ ಕನ್ನಡಕವನ್ನು ಕೊನೆಗೂ ಕಂಡುಹಿಡಿದು ಮೂಗಿಗೆ ಇಳಿಸಿಕೊಂಡರು. "ಸರಿ. ಆದ್ರೆ ನಾನು ಇಲ್ಲಿಂದ ಬಿಡಿಸೋಕೆ ಬರಲ್ಲ. ಕೊಟ್ಟೆ ಅಂತ ಅವರು ಹೇಳಬೇಕು, ತಗೊಂಡೆ ಅಂತ ನೀವು. ಎರಡೂ ಪಟ್ಟಿ ಕೇಳಿಸ್ಕೊಬೇಕು."

*

ಮೇದಿನಿ ಜಗಲಿಯಲ್ಲಿ ಗಿಲಕಿಗಳಿಗೆ ಬಣ್ಣದ ಗೆರೆ ಎಳೆಯುತ್ತಿದ್ದಳು. ಸಂಜೆಯ ಬಿಸಿಲು ಅರಗಿನ ಮೇಲೆ ಬಿದ್ದು ಅವಳ ಗಲ್ಲವೆಲ್ಲ ಹಳದಿ. ಇಂಚರ ಎದುರಿಗೆ ಕೂತಳು.

"ಅಕ್ಕ, ಎಲ್ಲಾ ವಾಪಸ್ ಕೊಡು. ಸೆಳೆತಾನೂ."

ಕುಂಚ ಗೆರೆಯ ನಡುವೆ ನಿಂತಿತು. "ಯಾವಾಗ?"

"ಈಗ್ಲೇ."

"ಇನ್ನೆರಡು ದಿನ ಅಲ್ವೇನೆ ಇಂಚು. ನಂಗೂ ಡಾಕ್ಟ್ರು ಹೇಳವ್ರೆ." ಮೇದಿನಿ ಗಿಲಕಿಯನ್ನು ಕೆಳಗಿಟ್ಟಳು. ಅಕ್ಕ ಯಾರನ್ನೂ ಏನನ್ನೂ ಬೇಡಿದ್ದನ್ನು ಇಂಚರ ಕಂಡಿರಲಿಲ್ಲ. "ಎರಡೇ ದಿನ. ಇರ್ಲಿ ಬಿಡೆ."

"ಎರಡೇ ದಿನ ಅಂತಾನೇ ನಂಗೂ ಬೇಕಾಗಿರೋದು."

"ನಿಂಗೆ ಅವ್ಳು ಇರ್ತಾಳೆ. ನಾಳೇನೂ ಇರ್ತಾಳೆ, ಮುಂದಿನ್ ವರ್ಷಾನೂ ಇರ್ತಾಳೆ." ಮೇದಿನಿಯ ದನಿ ಏರಲಿಲ್ಲ. "ನನ್ನ ಮಗೂನ ಒಂದ್ಸಲ ಎದೆಗೆ ಹಾಕಿದ್ರಂತೆ. ಚೀಪಿತಂತೆ. ಅಮ್ಮ ಕಣ್ಣಾರೆ ನೋಡವ್ಳೆ. ನಂಗೆ ನೆನಪಿಲ್ಲ ಕಣೆ. ಎಷ್ಟು ಹುಡುಕಿದ್ರೂ ಬರೀ ಬಿಳೀ ಹೊಗೆ. ಮೊನ್ನೆ ನಿನ್ ಮಗಳು ಮೊದಲ್ನೇ ಸಲ ಎಳೆದಾಗ, ಓ ಹಿಂಗಿದ್ದಿರ್ಬೇಕು ಅಂತ ಗೊತ್ತಾಯ್ತು. ಎಂಟು ವರ್ಷ ಆದ್ಮೇಲೆ."

ಒಳಗೆ ಕೂಸು ಕುಂಯ್‌ಗುಟ್ಟಿತು. ಆ ಸದ್ದಿಗೆ ಇಬ್ಬರ ತಲೆಯೂ ಒಟ್ಟಿಗೆ ತಿರುಗಿದ್ದನ್ನು ಇಬ್ಬರೂ ನೋಡಿದರು. ಅಷ್ಟಕ್ಕೇ ಇಂಚರಳ ಮನಸ್ಸು ಮತ್ತೆ ಗಟ್ಟಿಯಾಯಿತು.

"ಅಜ್ಜಿ ಹೇಳ್ತಿದ್ದ ಕಥೆ," ಎಂದಳು. "ರಾಣಿ, ದಾಸಿ, ಸೆರಗಿನ ಗಂಟು. ಕೊನೇಲಿ ಏನಾಯ್ತು?"

ಮೇದಿನಿ ನಕ್ಕಳು, ಕಣ್ಣು ಒರೆಸಿಕೊಂಡಳು. "ಅದನ್ನೂ ಈಗ್ಲೇ ಕೊಡ್ಬೇಕಾ?"

"ಕೊಡು."

"ಕೂಸು ಬಾಯಿ ಚಪ್ಪರಿಸಿದಾಗೆಲ್ಲ ದಾಸಿ ಹೊಟ್ಟೆ ಹಿಡ್ಕೊಂಡು ಏಳೋಳಂತೆ. ಕೂಸಿಗೆ ಹಸಿವೋ ನಿದ್ದೆಯೋ ಅಂತ ಅರಮನೆಯೋರೆಲ್ಲ ಅವಳನ್ನೇ ಕೇಳೋರಂತೆ. ರಾಣಿ ನೋಡಿ ನೋಡಿ ಹೊಟ್ಟೆ ಉರ್ಕೊಂಡ್ಲು. ನನ್ನ ಗಂಟು ನಂಗೆ ಕೊಡು ಅಂದ್ಲು. ದಾಸಿ ಬಿಚ್ಚಿ ಕೊಟ್ಲು."

"ಅಷ್ಟೇನಾ?"

"ಅಷ್ಟೇ. ಸೆರಗಲ್ಲಿ ಗಂಟಿನ ಸುಕ್ಕು ಮಾತ್ರ ಹಂಗೇ ಉಳ್ಕೊಂಡ್ತಂತೆ. ಎಷ್ಟು ಒಗೆದ್ರೂ ಹೋಗ್ಲಿಲ್ವಂತೆ."

ಮೇದಿನಿ ಬಣ್ಣದ ಕೈಯನ್ನು ಬಟ್ಟೆಗೆ ಒರೆಸಿ, ಸೊಂಟದ ಪಟ್ಟಿಯ ಮೇಲೆ ಬೆರಳಿಟ್ಟಳು. ಪಕ್ಕದ ಮನೆಯ ಲೇತು ತಿರುಗುವ ಸದ್ದು ನಿಲ್ಲುವವರೆಗೂ ಕಾದಳು, ಪಟ್ಟಿಗೆ ಸರಿಯಾಗಿ ಕೇಳಿಸಲಿ ಎನ್ನುವ ಹಾಗೆ.

"ಕೊಟ್ಟೆ," ಎಂದಳು.

"ತಗೊಂಡೆ," ಎಂದಳು ಇಂಚರ.

*

ನೋವು ಬಂತು. ಮಾತ್ರೆ ನುಂಗಿದ ಮೇಲೂ ಬಂತು. ಏಳುವಾಗ ಹೊಲಿಗೆ ಕಚ್ಚಿತು, ಕೆಮ್ಮಿದರೆ ಕಣ್ಣು ಕತ್ತಲೆ. ಇಷ್ಟು ದಿನ ಮನೆಯೆಲ್ಲ ಓಡಾಡಿದವಳು ಗೋಡೆ ಹಿಡಿದು ಹೆಜ್ಜೆ ಎಣಿಸಿದಳು. ಪ್ರತಿ ಸಲ ಕೂಸನ್ನು ಎದೆಗೆ ಹಾಕಿಕೊಳ್ಳುವ ಮುಂಚೆ ಸೀರೆಯ ಒಂದು ಹಿಡಿ ಬಾಯಲ್ಲಿ ಕಚ್ಚಿದಳು. ಆದರೂ ಯಾರಿಗೂ ಕೊಡುವ ಮನಸ್ಸಾಗಲಿಲ್ಲ. ಜಿಪುಣಿ ಒಡವೆಯನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುವಂತೆ ಒಂದೊಂದು ಸೆಳೆತವನ್ನೂ ಪೂರ್ತಿ ಅನುಭವಿಸಿದಳು.

ಮರುದಿನ ಬೆಳಿಗ್ಗೆ ನಂಜಮಣಿ ಹಂಡೆಯ ಕೆಳಗೆ ಉರಿ ಹಾಕಲಿಲ್ಲ, ಅದನ್ನು ಹಿತ್ತಲಲ್ಲಿ ಬೋರಲು ಹಾಕಿದಳು. "ಇನ್ನ ನಿಂಗೇನು ನೋವು," ಎಂದಳು ಹಿರಿಯ ಮಗಳಿಗೆ, ಮುಖ ನೋಡದೆ. "ನೀರು ಸಾಕು ಬುಡು."

"ಹ್ಞೂಂ," ಎಂದಳು ಮೇದಿನಿ. ಅವಳ ಪಟ್ಟಿ ಡಬ್ಬಿಯೊಳಗೆ ಸೇರಿತ್ತು. ಅಜ್ಜಿಯ ಸೀರೆಯನ್ನು ಒಗೆದು ಒಣಗಿಸಿ, ಮಡಿಸಿ, ತಂಗಿಯ ಹಾಸಿಗೆಯ ಮೇಲಿಟ್ಟಳು. ಹತ್ತೂವರೆ ಬಸ್ಸಿಗೆ ಮದ್ದೂರಿಗೆ, ಗಂಡನ ಮನೆಗೆ, ಹೊರಡುವವಳಿದ್ದಳು. ಗೋಡೆಯ ಕಡೆ ಮುಖ ಮಾಡಿ ಬ್ಯಾಗಿಗೆ ಬಟ್ಟೆ ತುಂಬತೊಡಗಿದಳು.

ಇಂಚರ ಆ ಸೀರೆಯನ್ನು ನೋಡಿದಳು. ಕೊನೆಗೂ ತನ್ನ ಪಾಲಿಗೆ ಬಂದಿತ್ತು. ಎಂಟು ವರ್ಷದ ಹಿಂದೆ, ತನಗಿನ್ನೂ ಹದಿನೆಂಟು, ಅಕ್ಕ ಬರಿಗೈಯಲ್ಲಿ ಆಸ್ಪತ್ರೆಯಿಂದ ಬಂದದ್ದು ನೆನಪಾಯಿತು. ಮಗುವೇ ಇಲ್ಲವಲ್ಲ, ಬಾಣಂತನ ಯಾರಿಗೆ ಎಂದು ಬೀದಿಯ ದೊಡ್ಡವರು ಅಂದಿದ್ದರು. ಅಮ್ಮ ಹಂಡೆಯನ್ನು ಬೋರಲು ಹಾಕಿದ್ದಳು. ಎರಡನೆಯ ವಾರಕ್ಕೇ ಅಕ್ಕ ಇದೇ ಜಗಲಿಯಲ್ಲಿ ಕೂತು ಬುಗುರಿಗಳಿಗೆ ಬಣ್ಣ ಹಾಕುತ್ತಿದ್ದಳು. ಮೈಯಿಂದ ಎಣ್ಣೆಯ ವಾಸನೆಯಿಲ್ಲ, ಸಾಂಬ್ರಾಣಿಯ ವಾಸನೆಯಿಲ್ಲ. ಸೊಂಟಕ್ಕೆ ಯಾರೂ ಬಟ್ಟೆ ಕಟ್ಟಿರಲಿಲ್ಲ.

ಕೂಸು ಎದ್ದಿತು. ಇಂಚರ ಎದೆಗೆ ಹಾಕಿಕೊಂಡಳು. ಬಾಯಿ ಹುಡುಕಿತು, ತಪ್ಪಿತು, ಹುಡುಕಿತು, ಹಿಡಿಯಿತು. ಹೊಟ್ಟೆಯೊಳಗೆ ಮುಷ್ಟಿ ಬಿಗಿಯಿತು.

ಅದೇ ಕ್ಷಣ, ಕೋಣೆಯ ಆ ತುದಿಯಲ್ಲಿ, ಬೆನ್ನು ಹಾಕಿ ನಿಂತಿದ್ದ ಮೇದಿನಿಯ ಕೈ ಬಟ್ಟೆಯನ್ನು ಬಿಟ್ಟು ಹೊಟ್ಟೆಯ ಮೇಲೆ ಹೋಯಿತು.

ಪಟ್ಟಿ ಇರಲಿಲ್ಲ. ಕೂಸು ಹಿಡಿದದ್ದನ್ನು ಅವಳು ನೋಡಿರಲಿಲ್ಲ. ಮೇದಿನಿಗೂ ಗೊತ್ತಾಯಿತೇನೋ, ಕಳ್ಳತನ ಮಾಡಿದವಳಂತೆ ಕೈಯನ್ನು ತಟ್ಟನೆ ತೆಗೆದು ಮತ್ತೆ ಬಟ್ಟೆ ಮಡಿಸತೊಡಗಿದಳು.

ಇಂಚರಳಿಗೆ ಮತ್ತೆ ಉರಿಯಿತು. ಎಲ್ಲವನ್ನೂ ಕಿತ್ತುಕೊಂಡ ಮೇಲೂ ಇವಳ ಹತ್ತಿರ ಇನ್ನೂ ಏನೋ ಉಳಿದಿದೆಯಲ್ಲ ಎಂದು ಉರಿಯಿತು. ಆ ಉರಿಯಲ್ಲೇ, ನಾಲ್ಕು ದಿನದಿಂದ ಮನಸ್ಸಿನಲ್ಲಿ ಬಚ್ಚಿಟ್ಟುಕೊಂಡಿದ್ದ ಎಣಿಕೆ ಬಾಯಿಗೆ ಬಂತು.

"ಅಮ್ಮಾ!" ಎಂದು ಕೂಗಿದಳು. ಹೊಲಿಗೆ ಚುಚ್ಚಿತು. "ಹಂಡೆಗೆ ನೀರು ಯಾಕೆ ಹಾಕಿಲ್ಲ?"

ನಂಜಮಣಿ ಕೈಯಲ್ಲಿ ತಾಳೆಗರಿ ಹಿಡಿದು ಬಾಗಿಲಿಗೆ ಬಂದಳು. "ಯಾರ್ಗೆ? ನಿನ್ ಗಾಯ ಇನ್ನೂ ಹಸಿ..."

"ನಂಗಲ್ಲ, ಅಕ್ಕಂಗೆ. ನಲವತ್ತು ನೀರು ಹಾಕ್ಬೇಕು ಬಾಣಂತಿಗೆ. ನಾಲ್ಕು ಆಗೈತೆ. ಇನ್ನೂ ಮೂವತ್ತಾರು ಬಾಕಿ. ಒಂದೊಂದೂ ಎಣಿಸ್ಕೊಂಡು ಕೂತಿದ್ದೀನಿ ನಾನು."

ತಾಳೆಗರಿಯನ್ನು ಬಾಗಿಲ ಸಂದಿಗೆ ಸಿಕ್ಕಿಸಿ ನಂಜಮಣಿ ಹಿತ್ತಲ ಕಡೆ ಹೋದಳು. ಸ್ವಲ್ಪ ಹೊತ್ತಿಗೆ ಬೋರಲು ಹಾಕಿದ್ದ ಹಂಡೆಯನ್ನು ಎತ್ತಿದ ಸದ್ದು ಕೇಳಿಸಿತು, ಅದರೊಳಗೆ ಮೊದಲ ಬಿಂದಿಗೆ ನೀರು ಬಿದ್ದ ಸದ್ದು ಕೇಳಿಸಿತು.

"ಹತ್ತೂವರೆ ಬಸ್ಸು..." ಎಂದಳು ಮೇದಿನಿ, ಬ್ಯಾಗಿನ ಮೇಲೆ ಕೈಯಿಟ್ಟುಕೊಂಡೇ.

"ಬಸ್ಸು ಹೋಗ್ಲಿ. ಸುಮ್ನೆ ಬ್ಯಾಗಿಂದ ತೆಗೆದಿಡು ಬಟ್ಟೇನ." ಇಂಚರ ಹಾಸಿಗೆಯ ಮೇಲಿದ್ದ ಅಜ್ಜಿಯ ಸೀರೆಯನ್ನು ಕಾಲಿನಿಂದ ಅಕ್ಕನ ಕಡೆ ತಳ್ಳಿದಳು. ಕೂಸು ಇನ್ನೊಮ್ಮೆ ಜೋರಾಗಿ ಎಳೆಯಿತು. ಅವಳು ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಅದು ಪೂರ್ತಿ ಮುಗಿಯುವವರೆಗೆ ಯಾರಿಗೂ ಬಿಟ್ಟುಕೊಡದೆ ಹಿಡಿದಿಟ್ಟುಕೊಂಡಳು. ಆಮೇಲೆ ಉಸಿರು ಬಿಟ್ಟು ಹೇಳಿದಳು: "ನೀರು ಅಷ್ಟೇ ನಿಂಗೆ. ಸೆಳೆತ ಮಾತ್ರ ಕೊಡಲ್ಲ, ತಿಳ್ಕೊ."